‘ಟಿವಿ ಸತ್ತಿದೆ’ ಎನ್ನುವ ಮುನ್ನ

(ಬಳಗದ ದುರಸ್ತಿ ಶಿಬಿರದಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಕಾಡು, ಹೊಳೆ, ಗುಡ್ಡಗಳ ಕುರಿತು ಮಾತು ನಡೆಯುವ ಈ ವೇದಿಕೆಗೆ ಟಿವಿ ರಿಪೇರಿ ಮಾಡುವವನೊಬ್ಬನನ್ನು ಕರೆದದ್ದೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ‘ಟಿವಿ ಕೆಟ್ಟರೆ ಊರಿಗೇ ಒಳ್ಳೆಯದು, ಅದನ್ನೇಕೆ ಬದುಕಿಸುತ್ತೀರಿ?’ ಎಂದು ಈಗಷ್ಟೇ ಚಹಾ ಕುಡಿಯುವಾಗ ಹಿರಿಯರೊಬ್ಬರು ಕೇಳಿಯೂ ಬಿಟ್ಟರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಸಂಜೆಯ ಧಾರಾವಾಹಿಗಳ ಹೊತ್ತಿನಲ್ಲಿ ನನಗೂ ಹಾಗೆ ಅನ್ನಿಸುವುದುಂಟು. ಆದರೆ ನಾವು ಸತ್ತಿತೆಂದು ಕೈಬಿಟ್ಟ ಟಿವಿ ಮಣ್ಣಾಗಿ ಹೋಗುವುದಿಲ್ಲ. ಅದು ಮೊದಲು ಅಟ್ಟಕ್ಕೆ, ಅಟ್ಟದಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಹಳ್ಳಕ್ಕೆ ಹೋಗುತ್ತದೆ.

ಇಲ್ಲಿ ಮೇಜಿನ ಮೇಲೆ ಎರಡು ಟಿವಿಗಳಿವೆ. ಒಂದನ್ನು ಕಳೆದ ಬೇಸಗೆಯಲ್ಲಿ ನಿಮ್ಮ ಬಳಗದ ಹುಡುಗರು ಹಳ್ಳ ಸ್ವಚ್ಛಗೊಳಿಸುವಾಗ ಸೇತುವೆಯ ಕೆಳಗಿನಿಂದ ಎತ್ತಿ ತಂದರು. ದಪ್ಪ ಬೆನ್ನಿನ ಹಳೆಯ ಮಾದರಿ. ತಾಮ್ರದ ಸುರುಳಿಗಾಗಿ ಯಾರೋ ಅದರ ಕುತ್ತಿಗೆಯನ್ನು ಒಡೆದಿದ್ದಾರೆ. ಇನ್ನೊಂದು, ‘ಆನ್ ಆಗುತ್ತಿಲ್ಲ’ ಎಂದು ಈ ಊರಿನ ರೈತರೊಬ್ಬರು ಇಂದು ಬೆಳಿಗ್ಗೆ ತಂದಿಟ್ಟ ತೆಳು ಟಿವಿ. ಮೊದಲನೆಯದಕ್ಕೆ ನನ್ನ ಬಳಿ ಮದ್ದಿಲ್ಲ. ಎರಡನೆಯದನ್ನು ಮಾತು ಮುಗಿದ ಮೇಲೆ ಒಟ್ಟಿಗೆ ನೋಡೋಣ.

ಮೊದಲು ಒಂದು ಪ್ರಸಂಗವನ್ನು ಹೇಳುತ್ತೇನೆ. 2020ರ ಜುಲೈ ತಿಂಗಳು. ಶಾಲೆಗಳು ಮುಚ್ಚಿದ್ದವು. ಪ್ರೌಢಶಾಲೆಯ ಮಕ್ಕಳಿಗಾಗಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಆರಂಭವಾಗಿದ್ದವು. ಪೇಟೆಯ ಮಕ್ಕಳು ಮೊಬೈಲಿನಲ್ಲಿ ಪಾಠ ಕೇಳಿದರು. ನಮ್ಮ ಕಣಿವೆಗಳಲ್ಲಿ ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಅದೂ ಜುಲೈ ತಿಂಗಳ ಮಳೆಯಲ್ಲಿ. ಹೀಗಾಗಿ ಆ ವರ್ಷ ಅನೇಕ ಮನೆಗಳಲ್ಲಿ ಟಿವಿಯೇ ಶಾಲೆಯಾಯಿತು. ಒಂದು ಬೆಳಿಗ್ಗೆ ನನ್ನ ಅಂಗಡಿಯ ಸ್ಥಿರ ದೂರವಾಣಿಗೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕರೆ ಮಾಡಿದಳು. ‘ಮಾವ, ನಮ್ಮನೆ ಟಿವಿ ಸತ್ತುಹೋಯಿತು. ಪೇಟೆಯ ಅಂಗಡಿಯವರು ಬೋರ್ಡ್ ಹೋಗಿರಬೇಕು, ಹೊಸದೇ ತೆಗೆದುಕೊಳ್ಳಿ ಎಂದರಂತೆ. ಅಪ್ಪಯ್ಯ ಸೊಸೈಟಿಯಲ್ಲಿ ಸಾಲ ಕೇಳಲು ಹೊರಟಿದ್ದಾರೆ.’

ನಾನು ಅಪ್ಪಯ್ಯನನ್ನು ಅರ್ಧ ಗಂಟೆ ತಡೆಯುವಂತೆ ಹೇಳಿ, ಅವಳಿಗೆ ಕೆಲವು ಪ್ರಶ್ನೆಗಳನ್ನು ಕೇಳಿದೆ. ಇಂದು ನಿಮ್ಮ ಮುಂದೆ ಹೇಳಬೇಕೆಂದಿರುವುದು ಮುಖ್ಯವಾಗಿ ಆ ಪ್ರಶ್ನೆಗಳನ್ನೇ. ರಿಪೇರಿಯೆಂದರೆ ಸ್ಕ್ರೂಡ್ರೈವರ್ ಹಿಡಿಯುವುದು ಎಂದು ತಿಳಿದವರು ಬಹಳ. ಆದರೆ ಅರ್ಧ ರಿಪೇರಿ ನಡೆಯುವುದು ಕೇಳುವುದರಲ್ಲಿ ಮತ್ತು ನೋಡುವುದರಲ್ಲಿ.

ಮೊದಲ ಪ್ರಶ್ನೆ: ‘ಟಿವಿ ಹಾಕುವ ಪ್ಲಗ್ಗಿಗೆ ಬೇರೆ ದೀಪ ಹಾಕಿ ನೋಡಿದೆಯಾ?’ ನಗಬೇಡಿ. ಒಮ್ಮೆ ಅಣ್ಣತಮ್ಮಂದಿರಿಬ್ಬರು ಅಡಿಕೆ ಕೊಯ್ಲಿನ ದಿನ ಕೆಲಸ ಬಿಟ್ಟು, ಬಸ್ಸಿನಲ್ಲಿ ಟಿವಿಯನ್ನು ಮಡಿಲ ಮೇಲಿಟ್ಟುಕೊಂಡು ನನ್ನಲ್ಲಿಗೆ ಬಂದರು. ನಾನು ಪ್ಲಗ್ ಹಾಕಿದೆ, ಟಿವಿ ಓಡಿತು. ಅವರ ಮನೆಯ ಪ್ಲಗ್ ಪಾಯಿಂಟಿನೊಳಗೆ ಇರುವೆ ಗೂಡು ಕಟ್ಟಿ ತಂತಿಯ ಸ್ಪರ್ಶ ತಪ್ಪಿತ್ತು. ಅವರ ಮುಖ ನೋಡಿ ನನಗೆ ನಗು ಬರಲಿಲ್ಲ; ಒಂದು ದಿನದ ಕೊಯ್ಲು ಹೋಗಿತ್ತು. ಟೆಸ್ಟರ್ ಬೆಳಗಿತೆಂದ ಮಾತ್ರಕ್ಕೆ ಪಾಯಿಂಟ್ ಸರಿಯಿದೆ ಎಂದು ತಿಳಿಯಬಾರದು. ಟೆಸ್ಟರ್ ತೋರಿಸುವುದು ಫೇಸ್ ಇದೆಯೆಂಬುದನ್ನು ಮಾತ್ರ. ನ್ಯೂಟ್ರಲ್ ಕಡಿದಿದ್ದರೂ ಅದು ಬೆಳಗುತ್ತದೆ. ಮೇಜುದೀಪವೊಂದನ್ನು ಹಾಕಿ ನೋಡುವುದೇ ನಂಬಿಕೆಯ ಪರೀಕ್ಷೆ. ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಗೋಡೆಯ ಪಾಯಿಂಟಿಗೆ ಹಾಕಿ. ಟಿವಿಯ ಹಿಂದೆ ಸಿಕ್ಕಿಸುವ ವಯರ್ ಬಿಡಿಯಾಗಿ ಬರುವಂಥದ್ದಾದರೆ ಗಟ್ಟಿಯಾಗಿ ಒತ್ತಿ ನೋಡಿ. ಕೆಲವು ಟಿವಿಗಳ ತಳದಲ್ಲೋ ಬದಿಯಲ್ಲೋ ಒಂದು ಮುಖ್ಯ ಸ್ವಿಚ್ ಇರುತ್ತದೆ. ಧೂಳು ಒರೆಸುವಾಗ ಅದು ಆಫ್ ಆಗಿರುವುದುಂಟು.

ಎರಡನೆಯ ಪ್ರಶ್ನೆ: ‘ಕೆಳಗಿನ ಸಣ್ಣ ಕೆಂಪು ದೀಪ ಉರಿಯುತ್ತಿದೆಯಾ?’ ನಾಡಿ ಹಿಡಿದು ನೋಡುವ ವೈದ್ಯರಂತೆ ನಾವು ಈ ದೀಪವನ್ನು ನೋಡುತ್ತೇವೆ. ಅದು ಸಂಪೂರ್ಣ ನಂದಿದ್ದರೆ ಒಳಗೆ ವಿದ್ಯುತ್ತು ತಲಪುತ್ತಿಲ್ಲ, ಅಥವಾ ವಿದ್ಯುತ್ತನ್ನು ಹದಗೊಳಿಸುವ ಪವರ್ ಸಪ್ಲೈ ಬೋರ್ಡ್ ನಿಂತಿದೆ. ಉರಿಯುತ್ತಿದ್ದು ಟಿವಿ ಏಳದಿದ್ದರೆ ದೋಷ ಬೇರೆ ಕಡೆ ಇರಬಹುದು. ಒಂದೇ ಲೆಕ್ಕದಲ್ಲಿ ಮಿನುಗಿ ನಿಂತು ಮತ್ತೆ ಮಿನುಗಿದರೆ, ಅನೇಕ ಮಾದರಿಗಳಲ್ಲಿ ಅದು ಟಿವಿಯೇ ತನ್ನ ಕಾಯಿಲೆಯನ್ನು ಹೇಳುವ ಸಂಕೇತ. ಎಷ್ಟು ಸಲ ಮಿನುಗಿತು ಎಂದು ಎಣಿಸಿ ಬರೆದಿಟ್ಟುಕೊಂಡರೆ ರಿಪೇರಿಯವನ ಅರ್ಧ ದಿನ ಉಳಿಯುತ್ತದೆ.

‘ಉರಿಯುತ್ತದೆ ಮಾವ. ಬಟನ್ ಒತ್ತಿದರೆ ಟಕ್ ಎನ್ನುತ್ತದೆ, ಹಸಿರಾಗುತ್ತದೆ, ಮತ್ತೆ ಟಕ್ ಎಂದು ಕೆಂಪಾಗುತ್ತದೆ.’

‘ಯಾವ ಬಟನ್? ರಿಮೋಟಿನದೋ, ಟಿವಿಯ ಮೈಮೇಲಿನದೋ?’

ಈ ಪ್ರಶ್ನೆಗೂ ಕಾರಣವಿದೆ. ಟಿವಿ ಏಳದಿದ್ದಾಗ ಎಷ್ಟೋ ಸಲ ಸತ್ತಿರುವುದು ರಿಮೋಟು. ಮೊಬೈಲಿನ ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದರತ್ತ ಹಿಡಿದು ಬಟನ್ ಒತ್ತಿ. ಕಣ್ಣಿಗೆ ಕಾಣದ ಅತಿಗೆಂಪು ಬೆಳಕು ಪರದೆಯ ಮೇಲೆ ಬಿಳಿಯಾಗಿಯೋ ನೇರಳೆಯಾಗಿಯೋ ಮಿನುಗುತ್ತದೆ. ಕೆಲವು ಮೊಬೈಲುಗಳ ಹಿಂದಿನ ಕ್ಯಾಮೆರಾ ಆ ಬೆಳಕನ್ನು ಸೋಸಿಬಿಡುತ್ತದೆ. ಆಗ ಮುಂದಿನ ಕ್ಯಾಮೆರಾದಲ್ಲಿ ನೋಡಿ. ವಿದ್ಯಾರ್ಥಿಗಳು ಮನೆಗೆ ಹೋಗಿ ಇದನ್ನು ಮಾಡಲೇಬೇಕು. ಭೌತಶಾಸ್ತ್ರದ ಪುಸ್ತಕದಲ್ಲಿ ಓದಿದ ಅತಿಗೆಂಪು ಕಿರಣ ಅಂಗೈಯಲ್ಲಿಯೇ ಇದೆ.

ಅವಳು ಟಿವಿಯ ಮೈಮೇಲಿನ ಬಟನ್ನನ್ನೇ ಒತ್ತಿದ್ದಳು. ಹಾಗಾದರೆ ರಿಮೋಟಿನ ತಪ್ಪಲ್ಲ. ಪ್ಲಗ್ ಕಿತ್ತು, ಟಿವಿಯ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಲು ಹೇಳಿದೆ. ಒಳಗಿನ ಗಣಕ ಗೊಂದಲಕ್ಕೆ ಸಿಕ್ಕಿದ್ದರೆ ಇಷ್ಟರಿಂದಲೇ ಸರಿಹೋಗುವುದುಂಟು. ಹೋಗಲಿಲ್ಲ. ಆಮೇಲೆ ಕೊನೆಯ ಪ್ರಶ್ನೆ ಕೇಳಿದೆ, ಅನುಭವದಿಂದ ಬಂದದ್ದು. ‘ಇದು ಒಮ್ಮೆಗೇ ನಿಂತದ್ದೋ, ಮೊದಲೇ ಏನಾದರೂ ತಕರಾರು ಮಾಡುತ್ತಿತ್ತೋ?’

ಹುಡುಗಿ ಒಂದು ಕ್ಷಣ ಯೋಚಿಸಿ ಹೇಳಿದಳು: ‘ಹೋದ ತಿಂಗಳು ಬಟನ್ ಒತ್ತಿದ ಮೇಲೆ ಒಂದು ನಿಮಿಷಕ್ಕೆ ಬರುತ್ತಿತ್ತು. ಆಮೇಲೆ ಐದು ನಿಮಿಷ. ಹೋದ ವಾರ ಅರ್ಧ ಗಂಟೆ ಟಕ್ ಟಕ್ ಎಂದು ಆಮೇಲೆ ಬಂತು. ಪಾಠ ತಪ್ಪಬಾರದೆಂದು ನಾನು ಒಂದು ಗಂಟೆ ಮೊದಲೇ ಹಾಕಿಡುತ್ತಿದ್ದೆ.’

ಯಾವ ಮೀಟರೂ ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರದು. ಪವರ್ ಸಪ್ಲೈ ಬೋರ್ಡಿನಲ್ಲಿ ಕೆಪಾಸಿಟರ್ ಎಂಬ ಸಣ್ಣ ಡಬ್ಬಿಗಳಿರುತ್ತವೆ. ಮನೆಯ ಮೇಲಿನ ನೀರಿನ ಟ್ಯಾಂಕಿಯಂತೆ ಅವು ವಿದ್ಯುತ್ತನ್ನು ಹಿಡಿದಿಟ್ಟು, ಏರಿಳಿತವಿಲ್ಲದೆ ಹರಿಸುತ್ತವೆ. ಅವುಗಳ ಒಳಗೊಂದು ದ್ರವವಿದೆ. ವರ್ಷಗಟ್ಟಲೆ ಬಿಸಿಗೆ ಆ ದ್ರವ ಒಣಗುತ್ತದೆ, ಡಬ್ಬಿಯ ನೆತ್ತಿ ಉಬ್ಬುತ್ತದೆ. ಆಗ ಸಣ್ಣ ಕೆಂಪು ದೀಪಕ್ಕೆ ಸಾಕಾಗುವಷ್ಟು ವಿದ್ಯುತ್ತನ್ನು ಅವು ನಿಭಾಯಿಸುತ್ತವೆ. ಇಡೀ ಟಿವಿ ಏಳಲು ಹೊರಟೊಡನೆ ಕುಸಿಯುತ್ತವೆ. ಟಿವಿ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಒಳಗೆ ಕೊಂಚ ಬೆಚ್ಚಗಾದ ಮೇಲೆ ಅದೇ ಕೆಪಾಸಿಟರ್ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಅರ್ಧ ಗಂಟೆಯ ಟಕ್ ಟಕ್ ಸದ್ದಿನ ಗುಟ್ಟು ಇದು. ಮಳೆಗಾಲದ ಥಂಡಿಯಲ್ಲಿ ಈ ರೋಗ ಹೆಚ್ಚು ಕಾಣುವುದೂ ಇದಕ್ಕೇ.

ಟಿವಿಯನ್ನು ಕಂಬಳಿಯಲ್ಲಿ ಸುತ್ತಿ ಹಾಲಿನ ಗಾಡಿಯಲ್ಲಿ ಕಳುಹಿಸಿದರು. ಬೆನ್ನು ತೆರೆದಾಗ 1000 ಮೈಕ್ರೋಫ್ಯಾರಡ್, 10 ವೋಲ್ಟ್ ಎಂದು ಬರೆದ ಎರಡು ಕೆಪಾಸಿಟರುಗಳು ಬೋಂಡದಂತೆ ಉಬ್ಬಿ ಕುಳಿತಿದ್ದವು. ಅಷ್ಟೇ ಮೈಕ್ರೋಫ್ಯಾರಡಿನ, 16 ವೋಲ್ಟ್ ತಡೆಯುವ, 105 ಡಿಗ್ರಿ ಬಿಸಿಗೆ ತಾಳುವ ಎರಡು ಹೊಸದನ್ನು ಧನ–ಋಣ ನೋಡಿ ಬೆಸುಗೆ ಹಾಕಿದೆ. ಎರಡಕ್ಕೂ ಸೇರಿ ಮೂವತ್ತು ರೂಪಾಯಿ ದಾಟಲಿಲ್ಲ. ಆದರೆ ಟಿವಿ ಬಂದು ಹೋಗುವುದರೊಳಗೆ ಎಂಟು ದಿನಗಳಾಗಿದ್ದವು. ಆ ಎಂಟು ದಿನಗಳ ಪಾಠ ಅವಳಿಗೆ ಸಿಗಲಿಲ್ಲ. ಮೊದಲ ಸಲ ಒಂದು ನಿಮಿಷ ತಡವಾದಾಗಲೇ ಯಾರಾದರೂ ಗಮನಿಸಿದ್ದರೆ ಅದೂ ತಪ್ಪುತ್ತಿರಲಿಲ್ಲ.

ಇನ್ನೊಂದು ಬಗೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಈಚೆಗೆ ಹೆಚ್ಚು ಬರುತ್ತಿರುವುದು ಅದೇ. ಮನೆಯವರು ‘ಆನ್ ಆಗುತ್ತಿಲ್ಲ’ ಎನ್ನುತ್ತಾರೆ. ಕಿವಿಗೊಟ್ಟರೆ ಟಿವಿ ಮಾತಾಡುತ್ತಿರುತ್ತದೆ! ಧ್ವನಿಯಿದೆ, ಪರದೆ ಕಪ್ಪು. ಕೋಣೆಯನ್ನು ಕತ್ತಲು ಮಾಡಿ, ಟಾರ್ಚನ್ನು ಪರದೆಗೆ ಹತ್ತಿರ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಚಿತ್ರ ಚಲಿಸುವುದು ಕಂಡರೆ ಪರದೆಯ ಹಿಂದೆ ಬೆಳಕು ಕೊಡುವ ಎಲ್‌ಇಡಿ ಪಟ್ಟಿ, ಅಂದರೆ ಬ್ಯಾಕ್‌ಲೈಟ್ ಹೋಗಿದೆ. ಸಾಲಾಗಿ ಜೋಡಿಸಿದ ಆ ದೀಪಗಳಲ್ಲಿ ಒಂದು ಕಡಿದರೂ ಇಡೀ ಸಾಲು ನಂದುತ್ತದೆ. ಇದನ್ನು ಬದಲಿಸಬಹುದು, ಆದರೆ ಗಾಜಿನ ಪ್ಯಾನೆಲ್ಲನ್ನು ಎತ್ತಬೇಕಾಗುತ್ತದೆ, ಅದು ಹಪ್ಪಳದಂತೆ ಮುರಿಯುತ್ತದೆ, ಹೊಸಬರು ಕೈಹಾಕಬಾರದು. ಟಿವಿಯ ಸೆಟ್ಟಿಂಗಿನಲ್ಲಿ ಬ್ಯಾಕ್‌ಲೈಟನ್ನು ನೂರರಿಂದ ಅರವತ್ತಕ್ಕೆ ಇಳಿಸಿದರೆ ಆ ಪಟ್ಟಿಯ ಆಯುಷ್ಯ ಹೆಚ್ಚುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ. ಧ್ವನಿಯೂ ಇಲ್ಲ, ‘ನೋ ಸಿಗ್ನಲ್’ ಎಂದಷ್ಟೇ ಬರೆದಿದೆ ಎಂದರೆ ಟಿವಿ ಆರೋಗ್ಯವಾಗಿದೆ. ಸೆಟ್‌ಟಾಪ್ ಬಾಕ್ಸನ್ನೂ ಅದರ ಅಡಾಪ್ಟರನ್ನೂ ನೋಡಬೇಕು.

ಈಗ ಕೈ ನಿಲ್ಲಿಸಬೇಕಾದ ಜಾಗದ ಮಾತು. ಇದುವರೆಗೆ ಹೇಳಿದ್ದೆಲ್ಲವನ್ನೂ ಟಿವಿಯ ಬೆನ್ನು ತೆರೆಯದೆ ಯಾರು ಬೇಕಾದರೂ ಮಾಡಬಹುದು. ತೆರೆದ ಮೇಲೆ ಲೋಕವೇ ಬೇರೆ. ನಮ್ಮ ಮನೆಗೆ ಬರುವುದು 230 ವೋಲ್ಟ್. ಅದನ್ನು ಏಕಮುಖ ಪ್ರವಾಹವಾಗಿಸಿದಾಗ 1.414ರಿಂದ ಗುಣಿಸಬೇಕು, ಸುಮಾರು 325 ವೋಲ್ಟ್ ಆಗುತ್ತದೆ. ಬೋರ್ಡಿನ ಮೇಲೆ ಎಲ್ಲಕ್ಕಿಂತ ದೊಡ್ಡ ಕೆಪಾಸಿಟರ್ ಈ 325 ವೋಲ್ಟನ್ನು ಹೊತ್ತು ಕುಳಿತಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಖಾಲಿಯಾಗದೆ ಉಳಿಯಬಹುದು. ಓಡುತ್ತಿದ್ದ ಟಿವಿಗಿಂತ ಕೆಟ್ಟು ನಿಂತ ಟಿವಿಯಲ್ಲಿ ಅದು ಹೆಚ್ಚು ಹೊತ್ತು ನಿಲ್ಲುತ್ತದೆ, ಏಕೆಂದರೆ ಅದನ್ನು ಖರ್ಚು ಮಾಡುವವರಿಲ್ಲ. ಮೀಟರಿನಲ್ಲಿ ಅಳೆದು, ತಕ್ಕ ರೆಸಿಸ್ಟರಿನ ಮೂಲಕ ಇಳಿಸಿ, ಮತ್ತೆ ಅಳೆದು ಸೊನ್ನೆಯೆಂದು ಕಂಡ ಮೇಲೆಯೇ ನಾವು ಬೋರ್ಡನ್ನು ಮುಟ್ಟುತ್ತೇವೆ. ಇನ್ನು ದಪ್ಪ ಬೆನ್ನಿನ ಹಳೆಯ ಬಣ್ಣದ ಟಿವಿಯ ಪಿಕ್ಚರ್ ಟ್ಯೂಬಿಗೆ ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸಿನ ಒತ್ತಡ ಹೋಗುತ್ತಿತ್ತು. ಅದರ ಗಾಜೇ ಒಂದು ಕೆಪಾಸಿಟರಿನಂತೆ ಅದನ್ನು ಹಿಡಿದಿಡುತ್ತದೆ. ಹುಡುಗರೆ, ಅಂಥದ್ದರ ಬೆನ್ನನ್ನು ಕುತೂಹಲಕ್ಕೂ ಬಿಚ್ಚಬೇಡಿ.

ನಾನು ಕಲಿತದ್ದು ತಪ್ಪು ಮಾಡಿಯೇ. 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಭಾರತ–ಪಾಕಿಸ್ತಾನಗಳ ವಿಶ್ವಕಪ್ ಕ್ವಾರ್ಟರ್ ಫೈನಲ್ ಪಂದ್ಯ. ಮಧ್ಯಾಹ್ನ ಒಂದು ಮನೆಯಿಂದ ಕರೆ ಬಂತು. ಜಗಲಿಯ ತುಂಬ ಜನ, ಟಿವಿ ನಿಂತಿದೆ. ತೆರೆದರೆ ಫ್ಯೂಸ್ ಸುಟ್ಟಿತ್ತು, ನನ್ನ ಚೀಲದಲ್ಲಿ ಅದೇ ಅಳತೆಯ ಫ್ಯೂಸ್ ಇರಲಿಲ್ಲ. ‘ಏನಾದರೂ ಮಾಡು ಮಾರಾಯ’ ಎಂದು ಹತ್ತು ಬಾಯಿ. ನಾನು ತಾಮ್ರದ ಎಳೆಯೊಂದನ್ನು ಸುತ್ತಿದೆ. ಟಿವಿ ಬಂತು, ಚಪ್ಪಾಳೆಯೂ ಬಂತು. ಒಂದು ಗಂಟೆಯ ನಂತರ ಬೆನ್ನಿನಿಂದ ಹೊಗೆ, ಅದರ ಹಿಂದೆಯೇ ಬೆಂಕಿ. ಮೇಲೆ ಸೋಗೆಯ ಮಾಡು. ಮೇನ್ ತೆಗೆದು ಮರಳು ಸುರಿದು ಆರಿಸಿದೆವು. ಕಾಲು ಗಂಟೆ ತಡವಾಗಿದ್ದರೆ ಮನೆ ಉಳಿಯುತ್ತಿರಲಿಲ್ಲ. ಫ್ಯೂಸ್ ತಾನಾಗಿ ಸುಡುವುದು ಅಪರೂಪ. ಗಾಜಿನ ಫ್ಯೂಸಿನ ಒಳಗೆ ಕಪ್ಪು ಮಸಿ ಹಿಡಿದಿದ್ದರೆ ಮುಂದೆ ಎಲ್ಲೋ ಶಾರ್ಟ್ ಆಗಿದೆ ಎಂದೇ ಅರ್ಥ. ಅಂದಿನಿಂದ ನಾನು ರಿಪೇರಿಯಾದ ಟಿವಿಗೆ ಮೊದಲ ಸಲ ವಿದ್ಯುತ್ತು ಕೊಡುವುದು ಸೀರೀಸ್ ಬಲ್ಬಿನ ಮೂಲಕವೇ. ನೂರು ವಾಟಿನ ಹಳೆಯ ಕಾಲದ ಬಲ್ಬೊಂದನ್ನು ನಡುವೆ ಜೋಡಿಸಿದರೆ, ಒಳಗೆ ಶಾರ್ಟ್ ಇದ್ದಾಗ ಬಲ್ಬು ಪೂರ್ತಿ ಉರಿಯುತ್ತದೆ, ಟಿವಿ ಉಳಿಯುತ್ತದೆ.

ನಮ್ಮ ಮಲೆನಾಡಿನಲ್ಲಿ ಟಿವಿಯನ್ನು ಕೊಲ್ಲುವವರು ಯಾರು? ಕಡಿಮೆ ವೋಲ್ಟೇಜ್ ಎಂದು ಎಲ್ಲರೂ ಹೇಳುತ್ತಾರೆ. ಹೊಸ ಟಿವಿಗಳ ಬೆನ್ನ ಮೇಲಿನ ಚೀಟಿ ಓದಿ: ಅನೇಕವುಗಳಲ್ಲಿ 100ರಿಂದ 240 ವೋಲ್ಟ್ ಎಂದಿರುತ್ತದೆ. ಸಂಜೆ ಪಂಪುಗಳೆಲ್ಲ ಓಡುವಾಗ 160ಕ್ಕೆ ಇಳಿದರೂ ಅಂಥವು ಹೆದರುವುದಿಲ್ಲ. ನಿಜವಾದ ವೈರಿ ಹೆಚ್ಚಿನ ವೋಲ್ಟೇಜ್. ಜೂನ್ ಗಾಳಿಗೆ ಮರ ಬಿದ್ದು ಲೈನಿನ ನ್ಯೂಟ್ರಲ್ ತಂತಿ ಕಡಿದರೆ, ಮೂರು ಫೇಸಿನ ಲೈನಿನಲ್ಲಿ ಒಂದು ಮನೆಗೆ ನೂರು ವೋಲ್ಟೂ ಪಕ್ಕದ ಮನೆಗೆ ನಾನೂರರ ಹತ್ತಿರವೂ ಬರಬಹುದು. ಒಂದು ಮನೆಯ ದೀಪ ಮಂಕಾಗಿ ಇನ್ನೊಂದರ ದೀಪ ವಿಪರೀತ ಬೆಳಗಿದರೆ ಅದೇ ಗುರುತು. ಯಾರನ್ನೂ ಕೇಳದೆ ಮೇನ್ ಸ್ವಿಚ್ ತೆಗೆಯಿರಿ. ಬಹಳಷ್ಟು ಟಿವಿಗಳಲ್ಲಿ ಫ್ಯೂಸಿನ ಪಕ್ಕದಲ್ಲಿ ಅಂಗಿಯ ಗುಂಡಿಯಂಥ ಬಿಲ್ಲೆಯೊಂದಿದೆ, ಎಂಓವಿ ಎನ್ನುತ್ತಾರೆ. ಒತ್ತಡ ಮಿತಿ ಮೀರಿದಾಗ ಅದು ತಾನು ಸೀಳಿ, ಫ್ಯೂಸನ್ನು ಸುಡಿಸಿ, ಉಳಿದ ಬೋರ್ಡನ್ನು ಕಾಯುತ್ತದೆ. ಸೀಳಿದ್ದನ್ನು ಕಿತ್ತು ಫ್ಯೂಸ್ ಮಾತ್ರ ಹಾಕಿದರೂ ಟಿವಿ ಓಡುತ್ತದೆ. ಅವಸರದ ಕೆಲವರು ಹಾಗೆ ಮಾಡಿ ಹಣ ಪಡೆಯುವುದೂ ಉಂಟು. ಮುಂದಿನ ಸಲ ಕಾಯುವವರು ಇರುವುದಿಲ್ಲ. ರಿಪೇರಿಗೆ ಕೊಟ್ಟಾಗ ಅದನ್ನು ಬದಲಿಸಿದಿರಾ ಎಂದು ಕೇಳಿ.

ಸಿಡಿಲಿಗೆ ಎಂಓವಿಯೂ ಸಾಲದು. ಮೈಲುಗಟ್ಟಲೆ ಗಾಳಿಯನ್ನು ಸೀಳಿ ಬಂದ ಸಿಡಿಲಿಗೆ ಸ್ವಿಚ್ಚಿನೊಳಗಿನ ಒಂದೆರಡು ಮಿಲಿಮೀಟರ್ ಅಂತರ ಲೆಕ್ಕಕ್ಕೇ ಇಲ್ಲ. ಗುಡುಗು ದೂರದಲ್ಲಿರುವಾಗಲೇ ಪ್ಲಗ್ ಕೀಳಬೇಕು, ಡಿಶ್ಶಿನಿಂದ ಬರುವ ಕೇಬಲ್ಲನ್ನೂ ಕೀಳಬೇಕು. ಎರಡನೆಯದನ್ನು ಮರೆಯುವವರೇ ಹೆಚ್ಚು. ಸಿಡಿಲು ತಲೆಯ ಮೇಲೆ ಬಂದ ಮೇಲೆ ಓಡಿಹೋಗಿ ಕೀಳಬೇಡಿ. ಟಿವಿ ಹೋದರೆ ಹೋಗಲಿ. ಹಾಗೆಂದು ಮಳೆಗಾಲ ಪೂರ್ತಿ ಮುಚ್ಚಿಟ್ಟರೆ ತೇವ ಹಿಡಿದು ಬೋರ್ಡಿನ ತಾಮ್ರ ಹಸಿರಾಗುತ್ತದೆ, ಬೆಚ್ಚಗಿನ ಜಾಗ ಹುಡುಕಿಕೊಂಡು ಹಲ್ಲಿ ಸೇರುತ್ತದೆ. 325 ವೋಲ್ಟಿನ ಎರಡು ತುದಿಗಳ ನಡುವೆ ಸೇತುವೆಯಾಗಿ ಒಣಗಿದ ಹಲ್ಲಿಗಳನ್ನು ನಾನು ಎಷ್ಟು ತೆಗೆದಿದ್ದೇನೋ ಲೆಕ್ಕವಿಲ್ಲ. ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿದರೆ ಅದರ ಬಿಸಿಯೇ ಅದನ್ನು ಒಣಗಿಸುತ್ತದೆ.

ಎಲ್ಲವನ್ನೂ ಉಳಿಸಬಹುದೆಂದು ನಾನು ಹೇಳುವುದಿಲ್ಲ. ಪ್ಯಾನೆಲ್ ಒಡೆದರೆ ಮುಗಿಯಿತು. ಟಿವಿಯ ಬೆಲೆಯ ದೊಡ್ಡ ಪಾಲು ಅದೇ. ಬೋರ್ಡು ಸಿಗದೆ ಕೈಚೆಲ್ಲಿದ್ದೂ ಬಹಳ ಇದೆ. ಯುರೋಪಿನಲ್ಲಿ 2021ರ ಮಾರ್ಚ್ ತಿಂಗಳಿಂದ ಟಿವಿ ತಯಾರಕರು ಮುಖ್ಯ ಬಿಡಿಭಾಗಗಳನ್ನು ಕನಿಷ್ಠ ಏಳು ವರ್ಷ ರಿಪೇರಿಯವರಿಗೆ ಒದಗಿಸಬೇಕೆಂಬ ನಿಯಮ ಬಂತು. ನಮ್ಮಲ್ಲಿ 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿತು, ಅದಕ್ಕಾಗಿ ಜಾಲತಾಣವನ್ನೂ ತೆರೆಯಿತು. ಬಿಡಿಭಾಗಕ್ಕಾಗಿ ಪೇಟೆಯಿಂದ ಪೇಟೆಗೆ ಅಲೆಯುವ ನನಗೆ ಮಾತ್ರ ಹಾದಿ ಇನ್ನೂ ಉದ್ದವಾಗಿಯೇ ಕಾಣುತ್ತದೆ.

ನಿಜವಾಗಿಯೂ ಸತ್ತ ಟಿವಿಯನ್ನು ಏನು ಮಾಡುವುದು? ಸೇತುವೆಯ ಕೆಳಗಿನಿಂದ ಬಂದ ಈ ಟಿವಿಯ ಗಾಜಿನಲ್ಲಿ ಸೀಸವಿದೆ. ಒಳಗೆ ಹುಟ್ಟುವ ಎಕ್ಸ್ ಕಿರಣಗಳನ್ನು ತಡೆಯಲು ಬೆರೆಸಿದ ಸೀಸ ಅದು. ಗ್ರಾಮುಗಳ ಲೆಕ್ಕದಲ್ಲಲ್ಲ, ಕಿಲೋ ಲೆಕ್ಕದಲ್ಲಿ. ಮೊದಮೊದಲು ಬಂದ ತೆಳು ಎಲ್‌ಸಿಡಿ ಟಿವಿಗಳ ಕೊಳವೆ ದೀಪಗಳಲ್ಲಿ ಪಾದರಸವಿತ್ತು. 2012ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ಇ–ತ್ಯಾಜ್ಯ ನಿಯಮಗಳ ಕಾಲದಿಂದಲೂ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಹೊಸ ನಿಯಮಗಳಲ್ಲಿಯೂ ಟಿವಿ ಆ ಪಟ್ಟಿಯಲ್ಲಿದೆ; ಅದರ ಮರುಬಳಕೆಯ ಹೊಣೆ ತಯಾರಕರದು. ಆದರೆ ಸಂಗ್ರಹಿಸುವವರ ಗಾಡಿ ನಮ್ಮ ಘಟ್ಟದ ಹಾದಿಗೆ ತಾನಾಗಿ ಬರುವುದಿಲ್ಲ. ಒಂದೊಂದು ಟಿವಿಗೆ ಯಾರೂ ಬರಲಾರರು, ಐವತ್ತು ಒಟ್ಟಾದರೆ ಬಂದಾರು. ಪಂಚಾಯಿತಿಯ ಒಣ ಕಸದ ಕೋಣೆಯಲ್ಲಿ ಒಂದು ಮೂಲೆಯನ್ನು ಕೇಳಿ ಪಡೆಯಿರಿ. ಟ್ಯೂಬನ್ನು ಒಡೆಯದೆ, ಪರದೆಯ ಮುಖ ಕೆಳಗಾಗಿ ಕಂಬಳಿಯ ಮೇಲೆ ಇಡಿ. ಬಿಡಿಭಾಗ ಬೇಕಾದಾಗ ಆ ಮೂಲೆಗೆ ಮೊದಲು ಬರುವವನು ನಾನೇ ಆಗಿರುತ್ತೇನೆ.

ಇಷ್ಟು ಸಾಕು. ಎರಡನೆಯ ಟಿವಿಯ ಯಜಮಾನರು ಮುಂದೆ ಬರಬೇಕು. ನಾನು ಅವರನ್ನೇ ಮೊದಲು ಕೆಲವು ಪ್ರಶ್ನೆ ಕೇಳುವವನಿದ್ದೇನೆ. ಹಿಂದಿನ ಸಾಲಿನ ಹುಡುಗರು ಕಿಟಕಿಗಳನ್ನು ಮುಚ್ಚಿ ಕೋಣೆಯನ್ನು ಕತ್ತಲು ಮಾಡಿ. ಟಾರ್ಚ್ ಯಾರ ಬಳಿ ಇದೆ?